ಎರಡನೆಯ ಬದಿ ಮೊದಲು

ಹಿಂದಿನ ಸಾಲಿನ ಮುದುಕ ರೆಕಾರ್ಡನ್ನು ಕೈಗೆತ್ತಿಕೊಂಡ ರೀತಿ ನೋಡಿಯೇ ಗ್ರಂಥಪಾಲಕಿಯ ಎದೆ ಧಸಕ್ಕೆಂದಿತು. ಉಳಿದವರು ಅದನ್ನು ಊದಿ, ಒರೆಸಿ, ಹೆದರಿ ಹೆದರಿ ಮುಟ್ಟುತ್ತಿದ್ದರು. ಈತ ಎರಡು ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿದ. ಒಂದು ಬದಿ ನೋಡಿದ, ತಿರುಗಿಸಿ ಇನ್ನೊಂದು ಬದಿ ನೋಡಿದ, ಮೆಲ್ಲಗೆ ಕೆಳಗಿಟ್ಟ. ಬೆರಳ ತುದಿಗಳು ಜಡ್ಡುಗಟ್ಟಿ ನುಣ್ಣಗೆ ಹೊಳೆಯುತ್ತಿದ್ದವು. ವರ್ಷಗಟ್ಟಲೆ ಗಿಟಾರಿನ ತಂತಿ ಒತ್ತಿದ ಬೆರಳುಗಳು ಎಂದುಕೊಂಡಳು.

ಭಾನುವಾರದ ಮಧ್ಯಾಹ್ನ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಹನ್ನೊಂದು ಕುರ್ಚಿ, ಒಂದು ಹಳೆಯ ಪ್ಲೇಯರ್. ಮೂವತ್ತೈದು ವರ್ಷದ ಹಿಂದೆ ಬಂದ ‘ದೀಪಗಾರ’ ಎಂಬ ಆಲ್ಬಮ್ಮನ್ನು ಮತ್ತೊಮ್ಮೆ ಕೇಳಿ, ಮತ್ತೊಮ್ಮೆ ತೂಗಿ ನೋಡಲು ಜನ ಸೇರಿದ್ದರು. ಪ್ರೊಗ್ರೆಸಿವ್ ರಾಕ್ ಎಂಬ ಉದ್ದುದ್ದ ಹಾಡುಗಳ ಸಂಗೀತವೆಂದರೆ ಜೀವ ಬಿಡುವ ಮಂದಿ. ಇಪ್ಪತ್ತು ನಿಮಿಷ ಬರೀ ಆರ್ಗನ್ ನುಡಿಸಿದರೂ ಕೂತ ಜಾಗ ಬಿಟ್ಟು ಕದಲುವವರಲ್ಲ.

ಆಲ್ಬಮ್ಮಿನಲ್ಲಿ ಇದ್ದದ್ದು ಒಂದೇ ಕಥೆ, ಬದಿಗೊಂದು ಉದ್ದನೆಯ ಹಾಡು. ಒಂದನೆಯ ಬದಿಯಲ್ಲಿ ದೀಪಸ್ತಂಭ ಕಾಯುವವನ ಹೆಣ ದಡಕ್ಕೆ ಬರುತ್ತದೆ, ದೀಪ ಆರುತ್ತದೆ. ಎರಡನೆಯ ಬದಿಯಲ್ಲಿ ಅದೇ ಮನುಷ್ಯ ಹೊಸ ಅಂಗಿ ತೊಟ್ಟು, ಶಿಳ್ಳೆ ಹಾಕುತ್ತ ಕೆಲಸಕ್ಕೆ ಸೇರುತ್ತಾನೆ. ತಕರಾರು ಹುಟ್ಟಿದ್ದೇ ಇಲ್ಲಿ. ಅರ್ಧ ಮಂದಿ ಇದಕ್ಕೆ ತಲೆಬುಡವಿಲ್ಲ ಎಂದರು, ಇನ್ನರ್ಧ ಮಂದಿ ತಲೆಯ ಮೇಲೆ ಹೊತ್ತು ಕುಣಿದರು. ಹಲ್ಲಿನ ಡಾಕ್ಟರೂ ಅವರ ಭಾವಮೈದುನ ಎಲೆಕ್ಟ್ರಿಷಿಯನ್ನೂ ಇದೇ ವಿಷಯಕ್ಕೆ ಎಂಟು ವರ್ಷ ಮಾತು ಬಿಟ್ಟಿದ್ದರು. ನಡುವೆ ಸಿಕ್ಕಿಬಿದ್ದ ಡಾಕ್ಟರ ಹೆಂಡತಿ, ಗಂಡನಿಗೂ ತಮ್ಮನಿಗೂ ಬುದ್ಧಿ ಹೇಳಿ ಹೇಳಿ ಕೊನೆಗೆ ಕೈ ಚೆಲ್ಲಿದ್ದಳು.

ಗ್ರಂಥಪಾಲಕಿಯ ಸಂಕಟ ಬೇರೆಯೇ. ಅಭಿಮಾನಿಗಳ ಪತ್ರಿಕೆಗೆ ಆಗ ವಿಮರ್ಶೆ ಬರೆದವಳು ಅವಳು. ಇಪ್ಪತ್ತೆರಡರ ಬಿಸಿರಕ್ತ. ‘ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು ತೆಪ್ಪಗೆ ಮನೆಯಲ್ಲಿ ಕೂತಿರಲಿ’ ಎಂದು ಬರೆದುಬಿಟ್ಟಿದ್ದಳು. ಆಲ್ಬಮ್ ಮಾಡಿದ ಸಂಗೀತಗಾರನನ್ನು ಕಣ್ಣಾರೆ ಕಂಡವರಿರಲಿಲ್ಲ. ಆತ ವೇದಿಕೆ ಹತ್ತುತ್ತಿರಲಿಲ್ಲ. ಕವರಿನ ಮೇಲೆ ಫೋಟೋ ಇಲ್ಲ, ಹಾಡುಗಳ ಪಟ್ಟಿಯೂ ಇಲ್ಲ. ವಿಮರ್ಶೆಗೆ ಉತ್ತರವಾಗಿ ಆತನಿಂದ ಒಂದೇ ಸಾಲಿನ ಪತ್ರ ಬಂದಿತ್ತು: ‘ದಯವಿಟ್ಟು ಎರಡನೆಯ ಬದಿಯನ್ನು ಮೊದಲು ಕೇಳಿ.’ ಅದನ್ನೂ ಅಚ್ಚು ಹಾಕಿ, ‘ತಿದ್ದುವ ಕೆಲಸವನ್ನು ನಮ್ಮ ತಲೆಗೇ ಕಟ್ಟಿದ್ದಾರೆ’ ಎಂದು ಕೆಳಗೆ ಗೇಲಿ ಮಾಡಿದ್ದಳು.

ಆತ ಮತ್ತೆ ಒಂದು ಹಾಡನ್ನೂ ಮಾಡಲಿಲ್ಲ. ನಿಜಕ್ಕೂ ಮನೆಯಲ್ಲಿ ಕೂತುಬಿಟ್ಟ. ವಯಸ್ಸಾದಂತೆ ಅವಳಿಗೆ ತಾನು ಬರೆದದ್ದು ಮುಳ್ಳಾಗಿ ಚುಚ್ಚತೊಡಗಿತು. ಒಂದೇ ಒಂದು ಸಲ ಆತನ ಮುಖ ನೋಡಿ ಕ್ಷಮೆ ಕೇಳಬೇಕಿತ್ತು. ಪ್ರಕಟಣೆ ನೋಡಿಯಾದರೂ ಬಂದಾನೆಂಬ ಆಸೆಯಿಂದಲೇ ಈ ಸಭೆ ಕರೆದಿದ್ದಳು.

ರೆಕಾರ್ಡ್ ಮುಗಿಯಿತು. ಡಾಕ್ಟರು ಎದ್ದು ನಿಂತು ಅರ್ಧ ಗಂಟೆ ಕೊರೆದರು. ಸಾವಿನಿಂದ ಹೊರಟು ಬದುಕಿನತ್ತ ಹಿಮ್ಮುಖವಾಗಿ ನಡೆಯುವ ಎದೆಗಾರಿಕೆ ಮತ್ಯಾರಿಗಿದೆ, ಆ ಒಂದು ಸಾಲಿನ ಪತ್ರ ನಮ್ಮನ್ನು ಪರೀಕ್ಷಿಸಲು ಬರೆದದ್ದು, ನಾವು ಅದರಲ್ಲಿ ಫೇಲಾದೆವು ಎಂದರು. ಭಾವಮೈದುನನೂ ಇವತ್ತು ಸೋಲೊಪ್ಪಿಕೊಂಡ. ಇದು ಮೇರುಕೃತಿ ಎನ್ನುವವರು ಕೈ ಎತ್ತಿ ಎಂದಾಗ ಗ್ರಂಥಪಾಲಕಿ ಎಲ್ಲರಿಗಿಂತ ಮೊದಲು ಎತ್ತಿದಳು.

ಎತ್ತದೆ ಉಳಿದದ್ದು ಮುದುಕನ ಕೈ ಮಾತ್ರ. ತಲೆ ತಗ್ಗಿಸಿ, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ. ತನ್ನ ಕೆಲಸಕ್ಕೆ ತಾನೇ ಕೈ ಎತ್ತುವುದುಂಟೇ ಎಂದು ಅವಳ ಕಣ್ಣು ತುಂಬಿಬಂತು.

ಜನ ಚಹಾಕ್ಕೆಂದು ಕೆಳಗಿಳಿದರು. ಆತ ಇಳಿಯಲಿಲ್ಲ. ಪ್ಲೇಯರಿನ ಪಕ್ಕ ಬಂದು ನಿಂತು, ಅಂಜುತ್ತ ಕೇಳಿದ:

“ಒಂದು ಸಲ ಎರಡನೇ ಸೈಡ್ ಮೊದಲು ಹಾಕಿ ಕೇಳೋಣ್ವಾ?”

ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಅವಳು ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

“ಸರ್, ಆ ವಿಮರ್ಶೆ ಬರೆದೋಳು ನಾನೇ. ನನ್ನಿಂದಾನೇ ಸಂಗೀತ ನಿಂತುಹೋಯ್ತು. ತಪ್ಪಾಯ್ತು, ಕ್ಷಮಿಸಿಬಿಡಿ.”

ಮುದುಕ ಕುರ್ಚಿ ಎಳೆದು ಅವಳನ್ನು ಕೂರಿಸಿದ.

“ನಿಮ್ಮದೇನೂ ತಪ್ಪಿಲ್ಲಮ್ಮ. ನೀವು ಕೇಳಿದ್ದನ್ನ ಬರೆದ್ರಿ.”

ಅಷ್ಟೂ ವರ್ಷದ ಭಾರ ಒಮ್ಮೆಲೇ ಇಳಿದಂತಾಗಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆತ ಸಮಾಧಾನ ಮಾಡಲಿಲ್ಲ. ರೆಕಾರ್ಡನ್ನು ಎತ್ತಿ, ನಡುವಿನ ದುಂಡನೆಯ ಲೇಬಲ್ಲನ್ನೇ ನೋಡುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು.

“ಕ್ಷಮೆ ಕೇಳೋಕೆ ಈ ಹಾಡು ಮಾಡಿದವರು ಈಗಿಲ್ಲ. ಹೋದ ತಿಂಗಳು ತೀರಿಕೊಂಡ್ರು,” ಎಂದ. “ತಾವು ಇರೋವರೆಗೂ ಬಾಯಿ ಬಿಡಬೇಡ ಅಂದಿದ್ರು. ನನಗಾಗ ಮಗಳು ಹುಟ್ಟಿ ಹದಿನೆಂಟು ದಿನ. ನನ್ನ ಕೆಲಸ ಹೋಗುತ್ತೆ ಅಂತ ನಿಜಾನ ಯಾರಿಗೂ ಹೇಳ್ಲಿಲ್ಲ, ಆ ಒಂದು ಸಾಲು ಬರೆದು ಸುಮ್ಮನಾಗಿಬಿಟ್ರು.”

ಅವಳು ಅಳು ನಿಲ್ಲಿಸಿ ತಲೆ ಎತ್ತಿದಳು.

“ರೆಕಾರ್ಡ್ ಕಾರ್ಖಾನೆಯಲ್ಲಿ ಬಿಸಿ ಅಚ್ಚಿಗೆ ಲೇಬಲ್ ಇಡ್ತಿದ್ದವನು ನಾನು, ಒಂದು ಅನ್ನೋದನ್ನ ಎರಡನೇ ಸೈಡಿಗೆ, ಎರಡು ಅನ್ನೋದನ್ನ ಒಂದನೇ ಸೈಡಿಗೆ ಇಟ್ಟುಬಿಟ್ಟಿದ್ದೆ.”