ಅರವತ್ತು ವರ್ಷದ ಹುಳ

ಮಿರಗದ ಮೊದಲ ಮಳೆ ಇರುಳೆಲ್ಲ ಸುರಿದು ನಿಂತಿತ್ತು. ಮುಂಜಾನೆಯಾದರೂ ಟಿಳಕವಾಡಿಯ ಹಂಚುಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಬಡಗಿ ನಬೀಸಾಬ ನಮಾಜು ಮುಗಿಸಿ ಏಳುವಷ್ಟರಲ್ಲಿ ಕರೆ ಬಂತು: ಅವನು ಎರಡು ವರ್ಷದ ಹಿಂದೆ ಮಾಡಿಕೊಟ್ಟ ಬಾಳಾಸಾಹೇಬ ಮಾಸ್ತರರ ಕಪಾಟಿನಿಂದ ಏನೋ ಹೊರಗೆ ಬಂದಿದೆಯಂತೆ. ಅವನು ಚಹಾ ಕುಡಿಯದೆಯೇ ಮಾಸ್ತರರ ಮನೆಗೆ ನಡೆದ.

ಮೇಜಿನ ಮೇಲೆ ಗಾಜಿನ ಲೋಟ ಬೋರಲಾಗಿತ್ತು. ಅದರೊಳಗೆ ಹೆಬ್ಬೆರಳುದ್ದದ ಬೂದು ದುಂಬಿಯೊಂದು, ಮೈಗಿಂತ ಉದ್ದದ ಮೀಸೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಕಪಾಟಿನ ಬಾಗಿಲಲ್ಲಿ ಗಿರಮಿಟ್ಟಿನಿಂದ ಕೊರೆದಂಥ ದುಂಡು ತೂತು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಮಾಸ್ತರರ ಮುಖ ಮಾತ್ರ ಮೊಮ್ಮಗ ಹುಟ್ಟಿದವರ ಹಾಗೆ ಅರಳಿತ್ತು.

"ಬಾ ನಬೀಸಾಬ, ಕುಂದರು. ಇದು ಕಾಡಿನ ಹುಳ. ತಾಯಿ ಹಸಿ ಮರದ ತೊಗಟ್ಯಾಗ ತತ್ತಿ ಇಡತೈತಿ. ಮರಿ ಒಳಗೊಳಗ ಮರಾ ತಿನಕೋತ ಬೆಳಿತೈತಿ. ಮಳಿ ಬಿದ್ದ ಮ್ಯಾಲ ರೆಕ್ಕಿ ಮೂಡಿಸಿಕೊಂಡು ಹೊರಗ ಬರತೈತಿ. ಈಗ ಹೇಳು, ಈ ಕಪಾಟ ಯಾವ ಮರದ್ದು?"

"ಅಕ್ಕಾರ ತವರುಮನಿ ಕೆಡವಿದಾಗ ಬಂದ ಸಾಗವಾನಿ ತೊಲೀದ್ರೀ." ನಬೀಸಾಬ ಕಪಾಟಿನ ಕಡೆ ನೋಡದೆ ಹೇಳಿದ.

"ಆ ಮನಿ ಕಟ್ಟಿ ಅರವತ್ತು ವರ್ಷ. ಅಂದ್ರ ಈ ಹುಳ ಅರವತ್ತು ವರ್ಷ ಒಳಗ ಕುಂತಿತ್ತು! ಇಂಥಾದ್ದು ಜಗತ್ತಿನ್ಯಾಗ ಯಾರೂ ಕಂಡಿಲ್ಲ!"

"ಹಂಗಾದ್ರ ನನಗಿಂತ ಹಿರೇದು. ಕಾಲಿಗೆ ಬೀಳ್ಲೇನು?" ಎಂದಳು ಚಹಾ ತಂದ ಮಾಸ್ತರರ ಹೆಂಡತಿ ಶಿವಬಸವ್ವ. ಅವಳ ಕಣ್ಣು ನಬೀಸಾಬನ ಮೇಲಿತ್ತು.

ಕಪಾಟಿಗೆಂದು ಅವರು ಕೊಟ್ಟ ತೊಲೆಯ ಮೇಲೆ ಆಸೆ ಬಿದ್ದು ಅದನ್ನು ಅವನು ತನ್ನ ಮನೆಗೇ ಸಾಗಿಸಿದ್ದ. ಕಪಾಟಿಗೆ ಕೂಡಿಸಿದ್ದು ಗುಂಜಿ ಊರ ಕಾಡಿನ ಅಗ್ಗದ ಮಾವು. ಎರಡು ಸಲ ಪಾಲಿಶ್ ಎಳೆದ ಮೇಲೆ ಅದು ಅವನಿಗೇ ಸಾಗವಾನಿಯಂತೆ ಕಂಡಿತ್ತು. ಒಳಗೊಂದು ಜೀವ ಬೆಳೆಯುತ್ತಿದ್ದುದು ಮೇಲಿನವನಿಗೆ ಮಾತ್ರ ಗೊತ್ತಿತ್ತು.

ಮಾಸ್ತರರು ಕಾಗದ ಸರಿಸಿದರು. "ಮುಂಬೈ ವಿಜ್ಞಾನಿಗಳಿಗೆ ಕಳಸಾಕ ಹತ್ತೇನಿ. ಮರ ಸಾಗವಾನೀನ ಅಂತ ಸಹಿ ಹಾಕು."

"ಕಿಟಕ್ಯಾಗಿಂದ ಬಂದಿರಬೇಕ್ರೀ ಮಾಸ್ತರ..."

"ಮತ್ತ ಈ ತೂತು?"

"ಹೊರಗಿಂದ ಒಳಗ ಹೋಗಿ, ಬ್ಯಾಸರಾಗಿ ತಿರುಗಿ ಬಂದಿರಬೇಕ್ರೀ."

"ಹುಚ್ಚಪ್ಪಾ! ಹಾಕು ಸಹಿ. ನಿನ್ನ ಹೆಸರೂ ಅಚ್ಚಾಗತೈತಿ."

ನಬೀಸಾಬ ಪೆನ್ನು ಹಿಡಿದ. ಈ ಭೋಳೆ ಮನುಷ್ಯನನ್ನು ನೋಡಿ ಇಡೀ ಮುಂಬೈ ನಗುವುದು ಅವನ ಕಿವಿಗೆ ಈಗಲೇ ಕೇಳಿಸಿತು. ಕಪಾಟಿನ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡಿದ್ದ. ದೇವರು ಮಾಡಿದ ಹುಳದ ಆಯುಷ್ಯವನ್ನೇ ತಿದ್ದಲು ಕೈ ಬರಲಿಲ್ಲ. "ಮಧ್ಯಾಹ್ನ ಬರತೇನ್ರೀ" ಎಂದು ಎದ್ದುಬಿಟ್ಟ.

ಮಧ್ಯಾಹ್ನ ಮಾಸ್ತರರು ಉಂಡು ಅಡ್ಡಾಗಿದ್ದರು. ಹಿತ್ತಲಲ್ಲಿ ಶಿವಬಸವ್ವನ ಮುಂದೆ ನಬೀಸಾಬನ ಕೈಗಾಡಿ ಬಂದು ನಿಂತಿತು.

"ಅಕ್ಕಾರ, ಮಾಸ್ತರಗ ಹೇಳ್ರಿ," ನಬೀಸಾಬ ತಲೆ ಎತ್ತಲಿಲ್ಲ. "ಹುಳದ ವಯಸ್ಸು ಮೂರ ವರ್ಷ ಅಂತ ಬರೀಲಿ. ಊರು ಗುಂಜಿ. ಮರ ಮಾವು."

ಅವನು ಗೋಣಿಚೀಲ ಸರಿಸಿ, ಅವಳ ತವರಿನ ಸಾಗವಾನಿಯನ್ನು ಸದ್ದಾಗದಂತೆ ಇಳಿಸಿ ಗೋಡೆಗೆ ಆನಿಸಿದ. ಅದು ಅವನ ಮನೆಯ ತಲೆಬಾಗಿಲು. ಚಿಲಕ ಇನ್ನೂ ಅಲ್ಲಾಡುತ್ತಿತ್ತು.