ಬಾಗಿಲಿಗೆ ಅಡ್ಡ ನಿಂತವಳು

ಹುಡುಗಿ ಸೋದರಮಾವನ ಕೋಣೆಯ ಬಾಗಿಲೆಳೆದು ಅದಕ್ಕೆ ಬೆನ್ನು ಕೊಟ್ಟು, ಮಾವನ ಪುಟ್ಟ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು. "ಅಮ್ಮಾ, ಒಳಗೆ ದಿಂಬಿನ ಪಕ್ಕ ಪಿಸ್ತೂಲಿದೆ. ನಾವು ಮುಟ್ಟಿಲ್ಲ," ಎಂದು ಕೂಗಿದಳು.

ಬ್ಯಾಂಕಿನಲ್ಲಿ ಬಂದೂಕು ಹಿಡಿದು ಕಾವಲು ಕಾಯುವ ತಾಯಿ ಅಡುಗೆಮನೆಯಿಂದ ಓಡಿ ಬಂದಳು. ಬಂದೂಕು ಕಂಡರೆ ಮುಟ್ಟಬೇಡ, ಜೊತೆಯವರನ್ನೂ ಕರೆದುಕೊಂಡು ಆಚೆ ಬಾ, ದೊಡ್ಡವರಿಗೆ ಹೇಳು ಎಂದು ಅವಳು ಹೇಳಿಕೊಡುವಾಗಲೆಲ್ಲ ಮಗಳು ಆಕಳಿಸುತ್ತಿದ್ದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ ಎಂದೇ ತಾಯಿ ಅಂದುಕೊಂಡಿದ್ದಳು.

ತಾಯಿಯ ಹಿಂದೆಯೇ ಬಂದ ಅವಳ ಅಣ್ಣ, ಹುಡುಗಿಯ ಸೋದರಮಾವ, ನಕ್ಕ. "ಅದು ಖಾಲಿ ಕಣೇ ಪುಟ್ಟಿ. ದಾರಿ ಬಿಡು."

"ಖಾಲಿ ಅಂದ್ರೂ ತುಂಬಿದೆ ಅಂತಲೇ ಅಂದ್ಕೋಬೇಕು ಮಾವ. ಅಮ್ಮ ನೋಡ್ಲಿ," ಎಂದ ಹುಡುಗಿ ಜಪ್ಪಯ್ಯ ಅಂದರೂ ಕದಲಲಿಲ್ಲ.

ತಾಯಿ ಒಬ್ಬಳೇ ಒಳಗೆ ಹೋದಳು. ಹೊರಬಂದಾಗ ಅವಳ ಅಂಗೈಯಲ್ಲಿ ಪಿಸ್ತೂಲಿನಿಂದ ತೆಗೆದ ಒಂದು ಗುಂಡಿತ್ತು. ಅಣ್ಣ ನೆಲದ ಮೇಲೆ ಕೂತು ಮಗನನ್ನು ಅವಚಿಕೊಂಡು, "ಅಮ್ಮ ಹೇಳ್ಕೊಟ್ಟಿದ್ದನ್ನ ನಮಗೂ ಹೇಳು ಪುಟ್ಟಿ, ಇಬ್ರೂ ಕಲೀತೀವಿ," ಎಂದ. ಹುಡುಗಿ ಟೀಚರಮ್ಮನ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ತಾಯಿ ಗೋಡೆಗೊರಗಿ, ಒಂದೊಂದು ಮಾತಿಗೂ ಉಬ್ಬುತ್ತ ಕೇಳಿದಳು.