ಸತ್ತವರಿಗೆ ಇಷ್ಟೇ ಜಾಗ

ಯಾರೇ ಸತ್ತರೂ ತಲೆಯೊಳಗಿನ ಚಿಪ್ ಅವರ ಕೊನೆಯ ಗಳಿಗೆಯನ್ನು ಫೈಲು ಮಾಡಿ ದಾಖಲೆ ಕಚೇರಿಗೆ ಕಳಿಸಿಬಿಡುತ್ತಿತ್ತು. ಬಣ್ಣದ ಕಾರ್ಖಾನೆಯಲ್ಲಿ ಗಂಡನನ್ನು ಕಳೆದುಕೊಂಡ ಗಿರಿಜವ್ವ ಆ ಫೈಲನ್ನು ಕೋರ್ಟಿಗೆ ಕೊಡಬೇಕೆಂದು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದಳು.

ಗುಮಾಸ್ತ ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ನೋಡಿದ. "ಅಳಿಸಿಹೋಗಿದೆಯಮ್ಮ. ಜಾಗ ತುಂಬಿದರೆ ಹಳೆಯದು ತಾನಾಗೇ ಹೋಗುತ್ತೆ."

"ಸತ್ತು ಇನ್ನೂ ವಾರವಾಗಿಲ್ಲ. ಆಗಲೇ ಹಳಬರಾದರಾ?"

"ನಾನೇನು ಮಾಡಲಿ? ಒಂದೊಂದು ಕಾರ್ಖಾನೆಗೆ ಇಷ್ಟೇ ಜಾಗ ಅಂತ ನಿಗದಿ ಮಾಡಿದ್ದಾರೆ. ನಿಮ್ಮದರಲ್ಲಿ ಸಾಯೋರು ಜಾಸ್ತಿ."

ಗಿರಿಜವ್ವ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಅಷ್ಟರಲ್ಲಿ ಕಾರ್ಖಾನೆಯ ಕಡೆಯಿಂದ ಅಪಾಯದ ಸೈರನ್ ಕೇಳಿಸಿತು. ಹಿಂದಿದ್ದ ಮುದುಕ ಅವಳ ಭುಜ ತಳ್ಳಿದ.

"ಅತ್ಲಾಗೆ ಸರಿಯವ್ವಾ, ಬೇಗ. ನನ್ನ ಮಗನ ಫೈಲೂ ಹೋಗಿಬಿಡುತ್ತೆ."